ಎರಡು ಪರ್ಸೆಂಟಿನ ಸಿಎಸ್‌ಆರ್ ಹಣ ಎಲ್ಲಿಗೆ? ಪಕ್ಕದ ಮನೆಯ ಬಾವಿಗೆ ಯಾರ ಹಣ?

ಪ್ರಶ್ನೆ: ನಮ್ಮದು ಕುಮಟಾ ತಾಲೂಕಿನಲ್ಲಿ ಕಾರ್ಖಾನೆ ಇರುವ ಪ್ರೈವೇಟ್ ಲಿಮಿಟೆಡ್ ಕಂಪನಿ. ಅಪ್ಪೆಮಿಡಿ ಉಪ್ಪಿನಕಾಯಿ, ಕೋಕಂ, ಮಸಾಲೆ ಪುಡಿ ತಯಾರಿಸುತ್ತೇವೆ. ತೆರಿಗೆಗೆ ಮುಂಚಿನ ಲಾಭ 2021-22ರಲ್ಲಿ 1.8 ಕೋಟಿ, 2022-23ರಲ್ಲಿ 3.4 ಕೋಟಿ, 2023-24ರಲ್ಲಿ 6.2 ಕೋಟಿ ರೂಪಾಯಿ. ತೆರಿಗೆ ಕಟ್ಟಿದ ಮೇಲೆ ಹೋದ ವರ್ಷ ಉಳಿದದ್ದು 4.64 ಕೋಟಿ ಮಾತ್ರ. ಆದರೂ 2024-25ಕ್ಕೆ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಖರ್ಚು) ಬರುತ್ತದೆ ಎಂದು ಆಡಿಟರ್ ಹೇಳುತ್ತಾರೆ. ಹೌದೇ? ಎಷ್ಟು? ನಮ್ಮ ಡೈರೆಕ್ಟರುಗಳ ಪಟ್ಟಿಯಲ್ಲಿರುವುದು: ಊರ ದೇವಸ್ಥಾನದ ಮಾಡು (ಛಾವಣಿ) ರಿಪೇರಿ, ಯಕ್ಷಗಾನಕ್ಕೆ ಪ್ರಾಯೋಜಕತ್ವ, ಕಾರ್ಮಿಕರಿಗೆ ಆರೋಗ್ಯ ವಿಮೆ, ಕಾರ್ಖಾನೆಗೆ ಇಟಿಪಿ (ತ್ಯಾಜ್ಯನೀರು ಶುದ್ಧೀಕರಣ ಘಟಕ), ಶಿರೂರು ಗುಡ್ಡ ಕುಸಿತದ ಸಂತ್ರಸ್ತರಿಗೆ ಕೊಟ್ಟ ನಮ್ಮದೇ ದಿನಸಿ, ಘಟ್ಟದ ಮೇಲೆ ಐದು ಸಾವಿರ ಅಕೇಶಿಯಾ ಗಿಡ. ಇನ್ನೊಂದು ವಿಷಯ. ಕಾರ್ಖಾನೆಯ ಕೆಳಗಿನ ಮನೆಯವರು ಬಾವಿ ನೀರು ಉಪ್ಪಾಗಿದೆ ಎನ್ನುತ್ತಿದ್ದಾರೆ. ಅದು ಹಿನ್ನೀರಿನ ಉಪ್ಪು ಎಂಬುದು ನಮ್ಮ ಅಭಿಪ್ರಾಯ. ಅವರಿಗೆ ಬೋರ್‌ವೆಲ್ ಕೊರೆಸಿಕೊಟ್ಟು ಸಿಎಸ್‌ಆರ್‌ನಲ್ಲಿ ತೋರಿಸಬಹುದೇ?

ಉತ್ತರ: ಆಡಿಟರ್ ಹೇಳಿದ್ದು ಸರಿ. ಕಂಪನಿ ಕಾಯ್ದೆ 2013ರ 135ನೇ ಕಲಂ ಪ್ರಕಾರ ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಯಾವುದೊಂದನ್ನು ಮುಟ್ಟಿದರೂ ಸಾಕು. ಇಲ್ಲಿ ಲಾಭ ಎಂದರೆ 198ನೇ ಕಲಂ ಪ್ರಕಾರ ಹಾಕಿದ, ತೆರಿಗೆ ಕಳೆಯುವ ಮುಂಚಿನ ಲೆಕ್ಕ. ಹಾಗಾಗಿ ನಿಮ್ಮ 4.64 ಕೋಟಿ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. 198ರ ಲೆಕ್ಕವನ್ನು ಲಾಭ-ನಷ್ಟ ಖಾತೆಯಿಂದ ನೇರ ಎತ್ತಿಕೊಳ್ಳಲೂ ಆಗದು. ಜಾಗ ಮಾರಿ ಬಂದ ಲಾಭವನ್ನು ಬಿಡಬೇಕು, ಸರಕಾರದ ಸಬ್ಸಿಡಿಯನ್ನು ಸೇರಿಸಬೇಕು. ಆಡಿಟರ್ ಹತ್ತಿರ ಆ ಒಂದು ಪುಟದ ಲೆಕ್ಕವನ್ನು ಬರೆಸಿ, ಸಹಿ ಮಾಡಿಸಿ ಇಟ್ಟುಕೊಳ್ಳಿ.

ಮೊತ್ತ ಎಷ್ಟು ಎಂದರೆ, ಹೋದ ವರ್ಷದ ಲಾಭದ ಎರಡು ಪರ್ಸೆಂಟ್ ಅಲ್ಲ, ಹಿಂದಿನ ಮೂರು ವರ್ಷಗಳ ಸರಾಸರಿಯ ಎರಡು ಪರ್ಸೆಂಟ್. ನೀವು ಕೊಟ್ಟ ಅಂಕಿಗಳೇ 198ರ ಲೆಕ್ಕಕ್ಕೂ ನಿಂತರೆ ಮೂರು ವರ್ಷ ಕೂಡಿ 11.4 ಕೋಟಿ, ಸರಾಸರಿ 3.8 ಕೋಟಿ, ಅದರ ಎರಡು ಪರ್ಸೆಂಟ್ 7.6 ಲಕ್ಷ. 6.2 ಕೋಟಿಗೆ ನೇರವಾಗಿ ಹಾಕಿ 12.4 ಲಕ್ಷ ಎಂದು ಗಾಬರಿಯಾಗುವುದು ಬೇಡ. ಮೊತ್ತ 50 ಲಕ್ಷದ ಒಳಗಿರುವುದರಿಂದ ಪ್ರತ್ಯೇಕ ಸಿಎಸ್‌ಆರ್ ಸಮಿತಿಯೂ ಬೇಕಿಲ್ಲ, ಬೋರ್ಡೇ ಆ ಕೆಲಸ ಮಾಡಬಹುದು. ಆದರೆ ಖರ್ಚಾಗದ ಹಣ ಇದಕ್ಕೇ ತೆರೆದ ಪ್ರತ್ಯೇಕ ಖಾತೆಯಲ್ಲಿ ಉಳಿದರೆ ಸಮಿತಿ ಬೇಕೇ ಬೇಕು. ಪಕ್ಕದ ಸಹಕಾರಿ ಸಂಘಕ್ಕೋ ಪಾಲುದಾರಿಕೆ ಫರ್ಮಿಗೋ ಇಲ್ಲದ್ದು ನಮಗೇಕೆ ಎಂಬ ಮಾತು ಬೋರ್ಡಿನಲ್ಲಿ ಬಂದೇ ಬರುತ್ತದೆ. ಈ ಕಲಂ ಇರುವುದು ಕಂಪನಿಗಳಿಗೆ ಮಾತ್ರ, ಅಷ್ಟೇ.

ಈಗ ನಿಮ್ಮ ಪಟ್ಟಿ. ದೇವಸ್ಥಾನದ ಮಾಡು ಬರುವುದಿಲ್ಲ. ಯಾವ ಕೆಲಸಗಳು ಸಲ್ಲುತ್ತವೆ ಎಂದು ಪಟ್ಟಿ ಮಾಡಿರುವ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಐತಿಹಾಸಿಕ ಮಹತ್ವದ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಜಾಗವಿದೆ, ಆದರೆ ಪೂಜೆ ನಡೆಯುವ ಊರ ಗುಡಿಯನ್ನು ಆ ಹೆಸರಿನಲ್ಲಿ ತುರುಕಿದರೆ ನಿಲ್ಲದು. ಡೈರೆಕ್ಟರುಗಳು ಸ್ವಂತ ಕಿಸೆಯಿಂದ ಕೊಡಲಿ, ದೇವರಿಗೂ ಅದೇ ಮೇಲು. ಯಕ್ಷಗಾನಕ್ಕೆ ದಾರಿಯಿದೆ, ಏಕೆಂದರೆ ಸಾಂಪ್ರದಾಯಿಕ ಕಲೆಗಳ ಪ್ರೋತ್ಸಾಹ ಅನುಸೂಚಿಯಲ್ಲೇ ಇದೆ. ಆದರೆ ರಂಗಸ್ಥಳದ ಹಿಂದೆ ನಿಮ್ಮ ಉಪ್ಪಿನಕಾಯಿಯ ಬ್ಯಾನರ್ ಕಟ್ಟಿದ ಕ್ಷಣ ಅದು ಜಾಹೀರಾತಿನ ಪ್ರಾಯೋಜಕತ್ವವಾಗುತ್ತದೆ, ನಿಯಮ ಅದನ್ನು ಹೊರಗಿಟ್ಟಿದೆ. ಶಿರಸಿ ಜಾತ್ರೆಯಲ್ಲಿ ಹಾಕುವ ಕಮಾನಿಗೂ ಇದೇ ಉತ್ತರ. ಮಕ್ಕಳಿಗೆ ಬಡಗುತಿಟ್ಟಿನ ಹೆಜ್ಜೆ, ಭಾಗವತಿಕೆ ಕಲಿಸುವ ನೋಂದಾಯಿತ ಟ್ರಸ್ಟಿಗೆ ಬ್ಯಾನರ್ ಇಲ್ಲದೆ ಕೊಟ್ಟರೆ ಅಡ್ಡಿಯಿಲ್ಲ. ಕಾರ್ಮಿಕರ ಆರೋಗ್ಯ ವಿಮೆ ಒಳ್ಳೆಯ ಕೆಲಸ, ಮಾಡಿ. ಆದರೆ ಸ್ವಂತ ನೌಕರರಿಗೆ ಅನುಕೂಲವಾಗುವುದು ಸಿಎಸ್‌ಆರ್ ಅಲ್ಲ. ಇಟಿಪಿಯಂತೂ ಕಾನೂನು ಹೇಳಿದ ಕರ್ತವ್ಯ. ಅದನ್ನು ಸಮಾಜಸೇವೆ ಎಂದು ಬರೆದರೆ, ಇಷ್ಟು ದಿನ ಅದು ಇರಲಿಲ್ಲ ಎಂದು ನೀವೇ ಬರೆದುಕೊಟ್ಟ ಹಾಗೆ.

ಶಿರೂರಿನದು ಸ್ವಲ್ಪ ಬೇರೆ. 2024ರ ಜುಲೈ 16ರ ಕುಸಿತದಂಥ ದುರಂತಕ್ಕೆ ಪರಿಹಾರ ಕಾರ್ಯ ಮಾಡುವುದು ಅನುಸೂಚಿಯೊಳಗೇ ಬರುತ್ತದೆ. ತೊಡಕಿರುವುದು ನೀವು ಕೊಟ್ಟ ರೀತಿಯಲ್ಲಿ. ನಿಮ್ಮ ಗೋದಾಮಿನ ಮಸಾಲೆ ಪುಡಿ, ಉಪ್ಪಿನಕಾಯಿ ಬಾಟಲಿಗಳಿಗೆ ಎಂಆರ್‌ಪಿ ಹಾಕಿ ಮೊತ್ತ ತೋರಿಸಲು ಬರುವುದಿಲ್ಲ. ವಸ್ತುರೂಪದ ಕೊಡುಗೆಯನ್ನು ಹಣಕ್ಕೆ ಪರಿವರ್ತಿಸಿ ಸಿಎಸ್‌ಆರ್ ಎನ್ನಬಾರದು ಎಂದು ಕಂಪನಿ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟಿನ ಸುತ್ತೋಲೆಯಲ್ಲೇ ಹೇಳಿದೆ. ನೌಕರರು ಸ್ವಯಂಸೇವೆ ಮಾಡಿದ ಗಂಟೆಗಳನ್ನೂ ಹಾಗೆಯೇ ಎಣಿಸುವಂತಿಲ್ಲ. ಕೊಟ್ಟದ್ದು ಕೊಟ್ಟಾಯಿತು, ಲೆಕ್ಕದಿಂದ ಬಿಡಿ.

ಬಾವಿಯ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮೊದಲು ಇರಬೇಕಾಗಿದ್ದುದು ಅದು. ಊರಿಗೆ ಕುಡಿಯುವ ನೀರು ಕೊಡುವುದು ಸಿಎಸ್‌ಆರ್ ಹೌದು. ನಿಮ್ಮಿಂದ ಕೆಟ್ಟ ಬಾವಿಗೆ ಬದಲಿ ನೀರು ಕೊಡುವುದು ಸಾಲ ತೀರಿಸುವ ಕೆಲಸ, ಅದು ವ್ಯವಹಾರದ ಖರ್ಚಿನಲ್ಲೇ ಬರಬೇಕು. ಹಾಗಾಗಿ ನಿಮ್ಮಿಂದ ಕೆಟ್ಟಿತೋ ಇಲ್ಲವೋ ಎಂಬುದು ಮೊದಲು ತೀರ್ಮಾನವಾಗಲಿ.

ಮಿಡಿ ಹಾಕಿದ ಉಪ್ಪುನೀರಿನಲ್ಲಿ 15 ಪರ್ಸೆಂಟ್ ಉಪ್ಪು ಎಂದು ಹಿಡಿಯೋಣ. ಲೀಟರಿಗೆ 150 ಗ್ರಾಂ ಆಯಿತು. ಸಮುದ್ರದ ನೀರಿನಲ್ಲಿರುವುದು ಲೀಟರಿಗೆ ಸುಮಾರು 35 ಗ್ರಾಂ. 200 ಲೀಟರಿನ ಒಂದು ಬ್ಯಾರಲ್ ಚೆಲ್ಲಿದರೆ 30 ಕಿಲೋ ಉಪ್ಪು ನೆಲಕ್ಕೆ ಹೋಗುತ್ತದೆ, ಅದರಲ್ಲಿ ಕ್ಲೋರೈಡ್ ಸುಮಾರು 18 ಕಿಲೋ. ಕುಡಿಯುವ ನೀರಿಗೆ ಐಎಸ್ 10500 ಎಂಬ ಭಾರತೀಯ ಮಾನದಂಡ ಹೇಳುವ ಅಪೇಕ್ಷಿತ ಮಿತಿ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್, ಬೇರೆ ಮೂಲವೇ ಇಲ್ಲದಿದ್ದರೆ 1000. ಮೂರು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಹೆಚ್ಚುಕಡಿಮೆ 21 ಸಾವಿರ ಲೀಟರ್. ಒಂದೇ ಬ್ಯಾರಲ್ಲಿನ ಉಪ್ಪು ಅಂಥ ಮೂರು ಬಾವಿಗಳನ್ನು ಮೊದಲ ಮಿತಿ ದಾಟಿಸಲು ಸಾಕು. ನಿಮ್ಮ ಅಂಗಳದಲ್ಲಿ ವರ್ಷಕ್ಕೆ ಎಷ್ಟು ಬ್ಯಾರಲ್ ಖಾಲಿಯಾಗುತ್ತದೆ ಎಂದು ಸ್ಟಾಕ್ ಪುಸ್ತಕ ನೋಡಿ ಲೆಕ್ಕ ಹಾಕಿ. ಇಂಗುಗುಂಡಿಗೆ ಬಿಡುತ್ತೇವೆ, ತೋಡಿಗೆ ಬಿಡುವುದಿಲ್ಲ ಎಂಬ ಸಮಾಧಾನ ಕರಾವಳಿಯಲ್ಲಿ ನಡೆಯದು. ಚಿರೇಕಲ್ಲು ತೂತುತೂತಿನ ಕಲ್ಲು, ಗುಂಡಿಗೆ ಹೋದದ್ದು ಇಳಿಜಾರು ಹಿಡಿದು ಕೆಳಗಿನ ಬಾವಿಗೇ ಇಳಿಯುತ್ತದೆ.

ಹಿನ್ನೀರಿನ ಉಪ್ಪೋ ನಿಮ್ಮ ಉಪ್ಪೋ ಎಂದು ತಿಳಿಯುವ ಬಗೆ ಕಷ್ಟದ್ದಲ್ಲ. ಒಂದೇ ದಿನ ನಾಲ್ಕು ಬಾವಿಗಳ ನೀರು ತೆಗೆಯಿರಿ: ದೂರು ಕೊಟ್ಟವರದ್ದು, ಕಾರ್ಖಾನೆಗಿಂತ ಮೇಲಿನದ್ದು, ಅಘನಾಶಿನಿ ಹಿನ್ನೀರಿಗೆ ದೂರಿನ ಬಾವಿಯಷ್ಟೇ ಹತ್ತಿರ ಇದ್ದೂ ನಿಮ್ಮ ಇಳಿಜಾರಿಗೆ ಸಿಗದ ಒಂದು, ಹಿನ್ನೀರಿಗೆ ಇನ್ನೂ ಹತ್ತಿರದ ಇನ್ನೊಂದು. ಕ್ಲೋರೈಡ್ ಮತ್ತು ಪಿಎಚ್ ಎರಡನ್ನೂ ಲ್ಯಾಬಿನಲ್ಲಿ ನೋಡಿಸಿ. ಬರೀ ಟಿಡಿಎಸ್ ಪೆನ್ನು (ನೀರಿನಲ್ಲಿ ಕರಗಿದ್ದರ ಒಟ್ಟು ಪ್ರಮಾಣ ತೋರಿಸುವ ಮೀಟರ್) ಸಾಲದು, ಅದು ಗಡಸುತನವನ್ನೂ ಉಪ್ಪನ್ನೂ ಒಟ್ಟಿಗೆ ತೋರಿಸುತ್ತದೆ. ಇದನ್ನೇ ಮೇ ಕೊನೆಗೆ ಒಮ್ಮೆ, ಮೊದಲ ಜೋರು ಮಳೆಯ ನಂತರ ಒಮ್ಮೆ, ನವೆಂಬರಿನಲ್ಲಿ ಒಮ್ಮೆ ಮಾಡಿ. ಹಿನ್ನೀರಿನದಾದರೆ ದಡದ ಬಾವಿಗಳೆಲ್ಲ ಬೇಸಿಗೆಯಲ್ಲಿ ಒಟ್ಟಿಗೇ ಏರಿ ಮಳೆ ಬಿದ್ದ ಮೇಲೆ ಒಟ್ಟಿಗೇ ಇಳಿಯುತ್ತವೆ. ನಿಮ್ಮದಾದರೆ ಇಳಿಜಾರಿನ ಬಾವಿ ಒಂದೇ ಏರಿರುತ್ತದೆ, ಮೊದಲ ಮಳೆಗೆ ಇಳಿಯುವ ಬದಲು ಇನ್ನೂ ಏರಲೂಬಹುದು. ಅಂಗಳದಲ್ಲಿ ಕೂತಿದ್ದ ಉಪ್ಪನ್ನು ಮಳೆ ತೊಳೆದು ಕೆಳಗೆ ಕಳಿಸುತ್ತದಲ್ಲ. ಮಾದರಿ ತೆಗೆಯುವಾಗ ದೂರು ಕೊಟ್ಟವರನ್ನು ಜೊತೆಗೆ ಕರೆದುಕೊಂಡು ಹೋಗಿ, ವರದಿಯ ಪ್ರತಿ ಅವರಿಗೂ ಕೊಡಿ. ಇದನ್ನು ಬಿಟ್ಟರೆ ಆಮೇಲೆ ಯಾವ ಲ್ಯಾಬಿನ ಕಾಗದವನ್ನೂ ಅವರು ನಂಬುವುದಿಲ್ಲ.

ಬೋರ್‌ವೆಲ್ ಮಾತ್ರ ಬೇಡ. ಹಿನ್ನೀರಿನ ಪಕ್ಕ ಆಳದಿಂದ ನೀರೆತ್ತಿದಷ್ಟೂ ಉಪ್ಪುನೀರು ಒಳಕ್ಕೆ ಎಳೆದುಕೊಂಡು ಬರುತ್ತದೆ. ಒಂದು ಬಾವಿಯ ತಕರಾರು ನಾಲ್ಕು ಬಾವಿಗಳದ್ದಾದೀತು. ಅಲ್ಲಿಯವರೆಗೆ ಆ ಮನೆಗೆ ಪೈಪಿನಲ್ಲೋ ಟ್ಯಾಂಕರಿನಲ್ಲೋ ನೀರು ಕೊಡಿ. ತಪ್ಪು ಯಾರದೆಂದು ತೀರ್ಮಾನವಾಗುವ ತನಕ ಕಾಯಿಸುವ ವಿಷಯ ಇದಲ್ಲ.

ಉಪ್ಪನ್ನು ತಡೆಯುವ ವಿಷಯದಲ್ಲಿ ಇಟಿಪಿ ಮಾರುವವರು ಹೇಳದ ಒಂದು ಸಂಗತಿಯಿದೆ. ಸಾಮಾನ್ಯ ಜೈವಿಕ ಇಟಿಪಿ ಬಿಒಡಿಯನ್ನು (ನೀರಿನಲ್ಲಿ ಕೊಳೆಯುವ ಕಸದ ಅಳತೆ) ಇಳಿಸುತ್ತದೆ, ನೀರಿನಲ್ಲಿ ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ಅತಿ ಉಪ್ಪಾದರೆ ಅದರೊಳಗಿನ ಬ್ಯಾಕ್ಟೀರಿಯಾವೇ ಸಾಯುತ್ತದೆ. ಆದ್ದರಿಂದ ಉಪ್ಪುನೀರು ಮತ್ತು ಮೊದಲ ತೊಳೆಯುವ ನೀರನ್ನು ಬೇರೆ ಪೈಪಿನಲ್ಲಿ, ಬೇರೆ ತೊಟ್ಟಿಗೆ ತೆಗೆಯಬೇಕು. ಮನೆಗಳಲ್ಲಿ ಮಿಡಿ ಬಿಟ್ಟ ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ ಖಾರ ಅರೆಯುತ್ತಾರೆ. ಕಾರ್ಖಾನೆಯಲ್ಲೂ ಸೋಸಿ, ಕುದಿಸಿ, ಉಪ್ಪಿನ ಪ್ರಮಾಣ ಅಳೆದು ಸರಿಪಡಿಸಿ ಎಷ್ಟು ಸಾಧ್ಯವೋ ಅಷ್ಟನ್ನು ಹಾಗೇ ವಾಪಸ್ ಬಳಸಿ. ಉಪ್ಪಿನ ಖರ್ಚೂ ಉಳಿಯುತ್ತದೆ. ಮಿಕ್ಕಿದ್ದಕ್ಕೆ ಪ್ಲಾಸ್ಟಿಕ್ ಹಾಸಿದ, 15 ಸೆಂಟಿಮೀಟರ್ ಆಳದ, ಪಾರದರ್ಶಕ ಮಾಡಿನ ಒಣಗಿಸುವ ತೊಟ್ಟಿ ಬೇಕು. ಉಪ್ಪುನೀರು ಸಿಹಿನೀರಿಗಿಂತ ನಿಧಾನ ಆರುತ್ತದೆ. ದಿನಕ್ಕೆ 3 ಮಿಲಿಮೀಟರ್ ಎಂದು ಲೆಕ್ಕ ಹಿಡಿದರೆ 100 ಚದರ ಮೀಟರ್ ತೊಟ್ಟಿ ದಿನಕ್ಕೆ 300 ಲೀಟರ್ ಕುಡಿಯುತ್ತದೆ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುವ ಈ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಏನೂ ಕುಡಿಯದು. ಆ 120 ದಿನಕ್ಕೆ 36 ಸಾವಿರ ಲೀಟರಿನ ಮುಚ್ಚಿದ ಟ್ಯಾಂಕ್ ಇಲ್ಲದೆ ತೊಟ್ಟಿ ಕಟ್ಟಿದರೆ ಮೊದಲ ಜುಲೈಯಲ್ಲೇ ಎಲ್ಲ ತುಂಬಿ ಹೊರಗೆ ಹರಿಯುತ್ತದೆ. ಬ್ಯಾರಲ್ ಇಡುವ ಅಂಗಳಕ್ಕೂ ಮಾಡು ಹಾಕಿಸಿ. ನೆಲಕ್ಕೆ ಬರೀ ಸಿಮೆಂಟ್ ಸಾಲದು, ಮಿಡಿಯ ಹುಳಿ ಅದನ್ನು ತಿಂದು ಬಿರುಕು ಬಿಡಿಸುತ್ತದೆ, ಆಸಿಡ್ ತಾಳುವ ಟೈಲ್ಸೇ ಆಗಬೇಕು.

ಇದೇ ಸಾಲಿಗೆ ಸೇರುವ ಇನ್ನೊಂದನ್ನು ನೀವು ಕೇಳಿಲ್ಲ. ಮಿಡಿ ನಿಮಗೆ ಬರುವುದು ಶಿರಸಿ, ಸಿದ್ದಾಪುರ ಕಡೆಯ ಹೊಳೆದಂಡೆಗಳಿಂದ, ಎಣಿಕೆಯ ಮೇಲೆ. ಎಣಿಕೆಗೆ ದುಡ್ಡು ಎಂದಾಗ ಬೇಗ ಇಳಿಸಿದವನಿಗೆ ಲಾಭ. ಹಾಗಾಗಿ ಟೊಂಗೆಯನ್ನೇ ಕಡಿದು ಕೆಳಗೆ ಹಾಕಿ ಕೊಯ್ಯುತ್ತಾರೆ. ಆ ಟೊಂಗೆ ಮುಂದಿನ ವರ್ಷಕ್ಕಿಲ್ಲ. ಬಿದ್ದು ಜಜ್ಜಿದ ಮಿಡಿ ಬ್ಯಾರಲ್ಲಿನಲ್ಲಿ ಮೆತ್ತಗಾಗುತ್ತದೆ. ತೊಟ್ಟು ಸಮೇತ ಇರುವ, ಪೆಟ್ಟಾಗದ ಮಿಡಿಗೆ ಬೇರೆ ದರ, ತೊಟ್ಟಿಲ್ಲದ್ದಕ್ಕೆ ಕಡಿಮೆ ದರ ಎಂದು ಕೊಯ್ಲಿಗೆ ಮೊದಲೇ, ಜನವರಿಯಲ್ಲೇ ಬರೆದು ಹಚ್ಚಿ. ಬುಟ್ಟಿ, ಹಗ್ಗ, ಸೊಂಟದ ಬೆಲ್ಟ್ ಕಂಪನಿಯೇ ಕೊಡಲಿ. ಮರ ಹತ್ತುವವರು ನಿಮ್ಮ ಮಸ್ಟರ್ ರೋಲಿನಲ್ಲಿ ಇರುವುದಿಲ್ಲ, ಬಿದ್ದರೆ ಯಾರೂ ಇಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ ಅಪಘಾತದ ಸಾವಿಗೆ 2 ಲಕ್ಷ. ಅದರ ವರ್ಷ ಜೂನ್ 1ಕ್ಕೆ ಶುರುವಾಗುತ್ತದೆ. ಆದ್ದರಿಂದ ಕೊಯ್ಲಿನ ಹೊತ್ತಿಗೆ ಖಾತೆಯಿಂದ ಹಣ ಕಟಾವಾಗಿದೆಯೇ ಎಂದು ಒಬ್ಬೊಬ್ಬರದ್ದೂ ನೋಡಬೇಕು. ಇವೆಲ್ಲವೂ ನಿಮ್ಮ ವ್ಯವಹಾರದ ಭಾಗವೇ ಆದ್ದರಿಂದ ಸಿಎಸ್‌ಆರ್‌ಗೆ ಹಾಕಬೇಡಿ. ಮಿಡಿಯ ಬೆಲೆಗೇ ಸೇರಿಸಿ.

ಇನ್ನು 7.6 ಲಕ್ಷವನ್ನು ಏನು ಮಾಡುವುದು? ಐದು ಕಡೆ ಹಂಚಿದರೆ ಐದು ಫೋಟೋ ಸಿಕ್ಕೀತು, ಕೆಲಸ ಒಂದೂ ನಿಲ್ಲದು. ಒಂದನ್ನೇ ಹಿಡಿಯಿರಿ. ಗಿಡ ನೆಡುವ ಯೋಚನೆ ನಿಮ್ಮ ಪಟ್ಟಿಯಲ್ಲೇ ಇದೆ, ಅದನ್ನೇ ಸರಿಮಾಡಬಹುದು. ಅಕೇಶಿಯಾ ಈ ಜಿಲ್ಲೆಯಲ್ಲಿ ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚಿದೆ. ಅದರಡಿಯಲ್ಲಿ ದನಕ್ಕೆ ಮೇವೂ ಹೆಚ್ಚಿಲ್ಲ. 1983ರಲ್ಲಿ ಸಲ್ಕಣಿಯಲ್ಲಿ ಮರಗಳನ್ನು ಅಪ್ಪಿ ಉಳಿಸಿಕೊಳ್ಳುವ ಅಪ್ಪಿಕೋ ಚಳವಳಿ ಶುರುವಾದ ಶಿರಸಿ ಸೀಮೆಗೆ ಹೋಗಿ ಐದು ಸಾವಿರ ಅಕೇಶಿಯಾ ನೆಡುತ್ತೇವೆ ಎಂದರೆ ಊರವರು ಮುಖಕ್ಕೇ ನಗುತ್ತಾರೆ. ಬದಲಿಗೆ ಅಪ್ಪೆಮಿಡಿ ಕಸಿ, ಜೊತೆಗೆ ಹೊನ್ನೆ, ಹಲಸು, ಮುರುಗಲು (ಕೋಕಂ) ಇರಲಿ. ಎಕರೆಗಟ್ಟಲೆ ಬೇಡ, 300 ಗಿಡ ಸಾಕು. 10 ಮೀಟರ್ ಅಂತರದಲ್ಲಿ ಹೆಕ್ಟೇರಿಗೆ 100ರಂತೆ ಮೂರು ಹೆಕ್ಟೇರ್ ಆಗುತ್ತದೆ. ಸೊಪ್ಪಿನ ಬೆಟ್ಟದಲ್ಲಾದರೆ (ತೋಟಿಗರು ಸೊಪ್ಪು ತರಲು ಬಿಟ್ಟ ಕಾಡು) ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಮೊದಲು ಬೇಕು, ಶಾಲೆಯ ಜಾಗದಲ್ಲಾದರೆ ಶಿಕ್ಷಣ ಇಲಾಖೆಯದ್ದು. ಒಂದು ಷರತ್ತನ್ನು ಬೋರ್ಡ್ ನಿರ್ಣಯದಲ್ಲೇ ಬರೆಯಿರಿ: ಈ ಮರಗಳ ಮಿಡಿಯನ್ನು ನಮಗೇ ಮಾರಬೇಕೆಂಬ ಕರಾರು ಇರುವುದಿಲ್ಲ. ಅಂಥ ಕರಾರು ಇದ್ದರೆ ಅದು ಕಚ್ಚಾಮಾಲಿನ ಹೂಡಿಕೆ, ಸಿಎಸ್‌ಆರ್ ಅಲ್ಲ.

ಹೆಚ್ಚಿನ ಕಂಪನಿಗಳು ಎಡವುವುದು ಕ್ಯಾಲೆಂಡರಿನಲ್ಲಿ. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಗಿಡ ನೆಡುವ ಕಾಲ ಜೂನ್. ಮಾರ್ಚ್ ಕೊನೆಯ ವಾರದಲ್ಲಿ ಗಡಿಬಿಡಿಯಿಂದ ಚೆಕ್ ಬರೆಯುತ್ತಾರೆ, ಗುಂಡಿ ತೋಡಿರುವುದಿಲ್ಲ, ಆಗಸ್ಟಿನಲ್ಲಿ ಸಿಕ್ಕಿದ ಗಿಡ ಊರುತ್ತಾರೆ, ಬೇರು ಇಳಿಯುವ ಮೊದಲೇ ಮಳೆ ಮುಗಿಯುತ್ತದೆ. ಇದಕ್ಕೆ ಕಾಯ್ದೆಯಲ್ಲೇ ಪರಿಹಾರವಿದೆ. ಶುರುವಾದ ವರ್ಷ ಬಿಟ್ಟು ಮುಂದೆ ಮೂರು ವರ್ಷದವರೆಗೆ ನಡೆಯುವ ‘ಮುಂದುವರಿಯುವ ಯೋಜನೆ’ ಎಂದು ಬೋರ್ಡ್ ಮೊದಲೇ ಒಪ್ಪಬೇಕು. ಮಾರ್ಚ್ 31ರ ಒಳಗೆ ಕೆಲಸದ ಆದೇಶ ಕೊಟ್ಟಿರಬೇಕು. ಖರ್ಚಾಗದೆ ಉಳಿದದ್ದನ್ನು ಏಪ್ರಿಲ್ 30ರೊಳಗೆ ಶೆಡ್ಯೂಲ್ಡ್ ಬ್ಯಾಂಕಿನಲ್ಲಿ ಇದಕ್ಕೇ ತೆರೆದ ಸಿಎಸ್‌ಆರ್ ಖಾತೆಗೆ ಹಾಕಬೇಕು. ಯೋಜನೆಯೇ ಇಲ್ಲದೆ ಉಳಿದ ಹಣವಾದರೆ ಸೆಪ್ಟೆಂಬರ್ 30ರೊಳಗೆ ಅನುಸೂಚಿಯಲ್ಲಿರುವ ನಿಧಿಗಳಲ್ಲೊಂದಕ್ಕೆ ಹೋಗಬೇಕು. ಇದನ್ನು ತಪ್ಪಿಸಿದರೆ ಕಂಪನಿಗೆ ಬಾಕಿಯ ಎರಡರಷ್ಟು ಅಥವಾ 1 ಕೋಟಿ, ಯಾವುದು ಕಡಿಮೆಯೋ ಅಷ್ಟು ದಂಡ. ಪೂರ್ತಿ 7.6 ಲಕ್ಷ ಬಾಕಿಯಿದ್ದರೆ 15.2 ಲಕ್ಷ. ಹೊಣೆಗಾರ ಅಧಿಕಾರಿಗಳಿಗೆ ತಲಾ ಬಾಕಿಯ ಹತ್ತನೇ ಒಂದು ಭಾಗ, ಅಂದರೆ 76 ಸಾವಿರ.

ಹಣದ ಹಂಚಿಕೆ ಹೀಗಿರಲಿ: ಗಿಡ, ಗುಂಡಿ, ಬೇಲಿ, ಮೊದಲ ವರ್ಷದ ಆರೈಕೆಗೆ 3 ಲಕ್ಷ. ಎರಡನೇ ವರ್ಷಕ್ಕೆ 2.2 ಲಕ್ಷ, ಮೂರನೆಯದಕ್ಕೆ 1.6 ಲಕ್ಷ. ಉಳಿದ 80 ಸಾವಿರದಲ್ಲಿ ಆಡಳಿತ ಖರ್ಚಿಗೆ ಐದು ಪರ್ಸೆಂಟಿನ ಮಿತಿ ಪ್ರಕಾರ ಹೆಚ್ಚೆಂದರೆ 38 ಸಾವಿರ, ಮಿಕ್ಕಿದ್ದು ಸತ್ತ ಗಿಡಗಳ ಜಾಗಕ್ಕೆ ಹೊಸವು. ಏಪ್ರಿಲ್, ಮೇ ತಿಂಗಳಲ್ಲಿ ಎರಡಡಿ ಉದ್ದ, ಅಗಲ, ಆಳದ ಗುಂಡಿ. ಮೊದಲ ಒಳ್ಳೆ ಮಳೆ ಬಿದ್ದ ವಾರ ನೆಡುವುದು. ಕಸಿಯ ಗಂಟು ಮಣ್ಣಿನಿಂದ ಮೇಲಿರಬೇಕು, ಅದರ ಕೆಳಗೆ ಚಿಗುರಿದ್ದನ್ನು ಚಿವುಟುತ್ತಿರಬೇಕು. ಇಲ್ಲದಿದ್ದರೆ ಕಸಿ ಸತ್ತು ಕಾಟುಮಾವು ಬೆಳೆದಿರುತ್ತದೆ, ಮೂರು ವರ್ಷ ಯಾರಿಗೂ ಗೊತ್ತಾಗದು. ಸೆಪ್ಟೆಂಬರಿನಲ್ಲಿ ಕಳೆ, ನವೆಂಬರಿನಲ್ಲಿ ಬುಡಕ್ಕೆ ದರಕು (ಒಣ ಎಲೆ), ಜನವರಿಯೊಳಗೆ ಬೆಂಕಿ ರೇಖೆ. ಬದುಕಿದ ಗಿಡ ಎಣಿಸುವುದು ಅಕ್ಟೋಬರಿನಲ್ಲಲ್ಲ, ಆಗ ಎಲ್ಲವೂ ಹಸಿರೇ. ಮೇ ಕೊನೆಗೆ ಎಣಿಸಿ, ಗುತ್ತಿಗೆಯ ಕೊನೆಯ ಕಂತನ್ನು ಆ ಎಣಿಕೆಗೆ ಕಟ್ಟಿಹಾಕಿ.

ಇಷ್ಟು ಸಣ್ಣ ಮೊತ್ತಕ್ಕೆ ಕಂಪನಿಯೇ ನೇರವಾಗಿ ಮಾಡುವುದು ಉತ್ತಮ. ಸಂಸ್ಥೆಯ ಮೂಲಕವೇ ಆದರೆ ಸಿಎಸ್‌ಆರ್-1 ನೋಂದಣಿ ಸಂಖ್ಯೆ, ಆದಾಯ ತೆರಿಗೆಯ 12ಎ, 80ಜಿ ಮಾನ್ಯತೆ, ಮೂರು ವರ್ಷ ಇಂಥದೇ ಕೆಲಸ ಮಾಡಿದ ದಾಖಲೆ, ಇಷ್ಟನ್ನೂ ಕೇಳಿ. ಚೆಕ್ ಕೊಟ್ಟ ಮಾತ್ರಕ್ಕೆ ಖರ್ಚಾದಂತಲ್ಲ, ಸಂಸ್ಥೆ ಅದನ್ನು ಬಳಸಿರಬೇಕು, ನಿಮ್ಮ ಹಣಕಾಸು ಮುಖ್ಯಸ್ಥರು ಹಾಗೆಂದು ಬೋರ್ಡಿಗೆ ಬರೆದುಕೊಡಬೇಕು. ರಸೀದಿ ಪೂರ್ತಿಗೆ ಕೊಡುತ್ತೇವೆ, ಬಹುಪಾಲು ನಗದಾಗಿ ವಾಪಸ್ ಎನ್ನುವವರು ನಿಮ್ಮ ಬಾಗಿಲಿಗೂ ಬರುತ್ತಾರೆ. ಅದು ನೇರ ವಂಚನೆ, ಕಾಫಿಯನ್ನೂ ಕೊಡಬೇಡಿ.

ತೆರಿಗೆ ವಿಷಯ ಎರಡೇ ಮಾತು. ಸಿಎಸ್‌ಆರ್ ಹಣವನ್ನು ವ್ಯವಹಾರದ ಖರ್ಚೆಂದು ಕಳೆಯಲು ಆದಾಯ ತೆರಿಗೆ ಬಿಡುವುದಿಲ್ಲ, 2023ರ ಅಕ್ಟೋಬರ್ 1ರಿಂದ ಇದಕ್ಕೆ ಕೊಂಡ ಮಾಲಿನ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ಟೂ ಇಲ್ಲ. ಉಪ್ಪುನೀರಿನ ತೊಟ್ಟಿ, ಮಾಡು, ಮಿಡಿಯ ಹೆಚ್ಚುವರಿ ದರ ಇವು ವ್ಯವಹಾರಕ್ಕೇ ಆಗುವ ಖರ್ಚು, ಸಿಎಸ್‌ಆರ್ ಎಂಬ ಕಾರಣಕ್ಕೆ ಬರುವ ಈ ತಡೆಗಳು ಇವಕ್ಕಿಲ್ಲ. ಕಟ್ಟಡದ ಕೆಲಸಕ್ಕೆ ಕ್ರೆಡಿಟ್ ಸಿಗುತ್ತದೆಯೇ ಎಂದು ಮಾತ್ರ ಆಡಿಟರನ್ನು ಕೇಳಿ. ಅವನ್ನು ಸಿಎಸ್‌ಆರ್‌ಗೆ ತಳ್ಳಲು ನೋಡುತ್ತಿರುವ ಡೈರೆಕ್ಟರಿಗೆ ಈ ಲೆಕ್ಕ ತೋರಿಸಿ.

2024-25ರ ಲಾಭ 5 ಕೋಟಿಗಿಂತ ಕೆಳಗಿಳಿದರೆ ಮುಂದಿನ ವರ್ಷಕ್ಕೆ ಹೊಸ ಹೊಣೆ ಬರುವುದಿಲ್ಲ. ಪ್ರತ್ಯೇಕ ಖಾತೆಯಲ್ಲಿರುವ ಹಣ ಮಾತ್ರ ಗಿಡಗಳಿಗೇ ಹೋಗಬೇಕು. ನೀತಿ, ಆ ವರ್ಷದ ಯೋಜನೆ, ಮಾರ್ಚಿಗೆ ಮೊದಲಿನ ನಿರ್ಣಯ ಇವು ಬೋರ್ಡಿನ ನಡಾವಳಿಯಲ್ಲಿರಲಿ. ವಾರ್ಷಿಕ ವರದಿಗೆ ಸಿಎಸ್‌ಆರ್ ಅನುಬಂಧ ಸೇರಿಸಿ, ವರ್ಷದ ಲೆಕ್ಕಪತ್ರ ಸಲ್ಲಿಸುವ ಎಒಸಿ-4 ನಮೂನೆಯ ಜೊತೆಗೆ ಸಿಎಸ್‌ಆರ್ ವರದಿಯ ನಮೂನೆ ಸಿಎಸ್‌ಆರ್-2 ಸಲ್ಲಿಸಿ. ಬಾವಿಯ ಮೊದಲ ಮಾದರಿಗೆ ಬೋರ್ಡ್ ಮೀಟಿಂಗ್ ತನಕ ಕಾಯಬೇಡಿ, ಈ ವಾರವೇ ತೆಗೆಯಿರಿ.